ಅದು ನೀರಾಗಿತ್ತೇ

ಭಾನುವಾರ ಚರ್ಚಿನಲ್ಲಿ ಕನ್ನಡ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಗಂಡಸರು ಎದುರಿನ ಟೀ ಅಂಗಡಿಯಲ್ಲಿ ಸೇರುತ್ತಿದ್ದರು. ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು. ವಾರವೆಲ್ಲ ಮೆಷಿನ್ನಿನ ಸದ್ದಿನಲ್ಲಿ ಕೂಗಿ ಮಾತಾಡಿ ಅಭ್ಯಾಸವಾದ್ದರಿಂದ ರಸ್ತೆ ಬದಿಯಲ್ಲೂ ಅವರ ಗಂಟಲು ತಗ್ಗುತ್ತಿರಲಿಲ್ಲ. ಅವರಲ್ಲಿ ನನ್ನ ಗಂಡನೂ ಒಬ್ಬರು. ಊಟ ಬಿಟ್ಟರೂ ವಾದ ಬಿಡುವ ಮನುಷ್ಯರಲ್ಲ. ನಾನು ಸ್ವಲ್ಪ ದೂರದಲ್ಲಿ, ಸ್ಕೂಟರಿನ ಪಕ್ಕ ನಿಂತು ಕೇಳುತ್ತಿದ್ದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಒಂದು ಪ್ಯಾಕಿಂಗ್ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದೆ. ಅವರ ಮಾತಿನಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧ ನಗು ತರಿಸುತ್ತಿತ್ತು.

ನನ್ನ ಗಂಡನ ಎದುರಾಳಿ ಎಂದರೆ ಅವರ ಆಪ್ತ ಗೆಳೆಯರೇ. ಫಾದರ್ ಆಗಲೆಂದು ಸೆಮಿನರಿಗೆ ಸೇರಿ, ಅಲ್ಲಿ ತತ್ವಶಾಸ್ತ್ರ ಮುಗಿಸಿ, ದೇವಶಾಸ್ತ್ರದ ಮಧ್ಯದಲ್ಲಿ ಬಿಟ್ಟು ಬಂದವರು. ಈಗ ಪೀಣ್ಯದಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಪಕ್ಕಕ್ಕೆ ಎತ್ತಿಡಬೇಕು. ಸೆಮಿನರಿ ಬಿಟ್ಟು ಎಷ್ಟೋ ಕಾಲವಾದರೂ ಎಲ್ಲರೂ ಅವರನ್ನು ‘ಬ್ರದರ್’ ಎಂದೇ ಕರೆಯುತ್ತಿದ್ದರು.

ಮೊಬೈಲಿನಲ್ಲಿ ಪೂಜೆ ನೋಡಿದರೆ ಭಾನುವಾರದ ಕಟ್ಟಳೆ ತೀರುತ್ತದೆಯೇ, ಫೋನಿನಲ್ಲಿ ಪಾಪನಿವೇದನೆ ಮಾಡಿದರೆ ನಡೆಯುತ್ತದೆಯೇ, ಇಂಥವೇ ಅವರ ಜಗಳಗಳು. ಒಂದು ಸಲ ನನ್ನ ಗಂಡ ಕೇಳಿದರು:

“ನಮ್ ಶಾಪಿಗೆ ಬಂದಿರೋ ರೋಬೋಟು ಭಾನುವಾರಾನೂ ಕೆಲ್ಸ ಮಾಡುತ್ತೆ ಗುರು. ಅದಕ್ಕೆ ಪಾಪ ಬರಲ್ವಾ?”

“ಅದಕ್ಕೆ ಬರಲ್ಲ. ಅದನ್ನ ಆನ್ ಮಾಡಿದ್ ನಿಂಗೆ ಬರುತ್ತೆ.”

“ಆನ್ ಮಾಡಿದ್ದು ಸೂಪರ್‌ವೈಸರ್ರು.”

“ಹಂಗಾದ್ರೆ ಸೂಪರ್‌ವೈಸರ್‌ಗೆ ನರಕ. ಈಗ ಖುಷಿನಾ ಮಗಾ?”

ಎಲ್ಲರೂ ನಕ್ಕರು. ಟೀ ಅಂಗಡಿಯವನೂ ನಕ್ಕ. ಆ ವಾದಗಳಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಟೀ ಮುಗಿದಾಗ ಅವೂ ಮುಗಿಯುತ್ತಿದ್ದವು.

ನಮ್ಮಲ್ಲಿ ಮದುವೆಗೆ ಮುಂಚೆ ಜೋಡಿಗಳು ಒಂದು ತರಬೇತಿಗೆ ಹೋಗಲೇಬೇಕು. ನಾವು ಹೋದಾಗ ಸಂಸಾರ, ದುಡಿಮೆ, ಮಕ್ಕಳು ಎಂದೆಲ್ಲ ಹೇಳಿಕೊಟ್ಟು, ಕೊನೆಗೆ ಒಬ್ಬ ವಯಸ್ಸಾದ ಕನ್ಯಾಸ್ತ್ರೀ ಪ್ಲಾಸ್ಟಿಕ್ ಗೊಂಬೆಯೊಂದನ್ನು ಮೇಜಿನ ಮೇಲೆ ಮಲಗಿಸಿದರು. ಹುಟ್ಟಿದ ಮಗು ಉಳಿಯುವ ಹಾಗಿಲ್ಲ, ಫಾದರ್ ಬರುವಷ್ಟು ಹೊತ್ತೂ ಇಲ್ಲ ಎಂದಾಗ ಸ್ವರ್ಗಕ್ಕೆ ಸೇರಿಸುವ ದೀಕ್ಷಾಸ್ನಾನವನ್ನು ಯಾರು ಬೇಕಾದರೂ ಕೊಡಬಹುದು; ತಲೆಯ ಮೇಲೆ ನೀರು ಹರಿಯಬೇಕು, ಪಿತ ಸುತ ಪವಿತ್ರಾತ್ಮರ ಹೆಸರು ಹೇಳಬೇಕು, ಅಷ್ಟೇ ಎಂದರು. ಸ್ಟೀಲ್ ಲೋಟದಿಂದ ಗೊಂಬೆಯ ತಲೆಗೆ ನೀರು ಹಾಕಿ ತೋರಿಸಿದರು. ಹಿಂದಿನ ಸಾಲಿನ ಹುಡುಗನೊಬ್ಬ, “ಸಿಸ್ಟರ್, ನೀರು ಸಿಗ್ಲಿಲ್ಲ ಅಂದ್ರೆ ಎಳನೀರು ಆಗುತ್ತಾ?” ಎಂದ. “ಎಳನೀರು ನೀನು ಕುಡಿ. ಮಗೂಗೆ ನೀರು ಹಾಕು,” ಎಂದರು ಸಿಸ್ಟರ್. ನಾವಿಬ್ಬರೂ ನಕ್ಕಿದ್ದೆವು. ನಮಗೆ ಅದು ಬೇಕಾಗುತ್ತದೆ ಎಂದು ಆ ಸಭಾಂಗಣದಲ್ಲಿದ್ದ ಯಾರಿಗೂ ಅನಿಸಿರಲಾರದು.

ನಮ್ಮ ಮಗಳು ಹುಟ್ಟಬೇಕಾದ ಕಾಲಕ್ಕಿಂತ ಬಹಳ ಮುಂಚೆ ಹುಟ್ಟಿದಳು. ಬಾಗಲಗುಂಟೆಯ ನಮ್ಮ ಮನೆಗೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ತೆಗೆದರು. ಅಲ್ಲಿ ಅಂಥ ಮಗುವನ್ನು ಇಟ್ಟುಕೊಳ್ಳುವ ಅನುಕೂಲವಿರಲಿಲ್ಲ. ಆಂಬುಲೆನ್ಸಿಗೆ ಹಾಕುವ ಮುಂಚೆ ನನ್ನ ಮುಖದ ಹತ್ತಿರ ತಂದು ತೋರಿಸಿದರು. ಟೋಪಿಯೇ ಕಂಡಿತು. ಟೋಪಿಯ ಕೆಳಗೆ ನನ್ನ ಹೆಬ್ಬೆರಳಿನಷ್ಟು ಅಗಲದ ಹಣೆ. ನಾನು ಅವಳನ್ನು ನೋಡಿದ್ದು ಅಷ್ಟೇ. ಆಮೇಲೆ ನನಗೆ ಜ್ವರ ಬಂತು, ಹೊಲಿಗೆ ಹಾಕಿದ ಜಾಗದಲ್ಲಿ ಕೀವಾಯಿತು, ಎದ್ದು ಹೋಗಲು ಬಿಡಲಿಲ್ಲ. ಮಗುವನ್ನು ಕಳಿಸಿದ್ದ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಗಂಡ ಒಬ್ಬರೇ ಇದ್ದರು.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ನರ್ಸ್ ಹೊರಗೆ ಬಂದು, “ಸಾರ್, ಒಂದ್ಸಲ ಒಳಗೆ ಬಂದು ನೋಡ್ಕೊಂಡು ಹೋಗಿ,” ಎಂದರಂತೆ. ಆ ದನಿಯಲ್ಲೇ ಅವರಿಗೆ ಎಲ್ಲ ಗೊತ್ತಾಯಿತು. ನನ್ನ ಅಮ್ಮ ಊರಿನ ಚರ್ಚಿನಿಂದ ತಂದಿದ್ದ ಮಂತ್ರಿಸಿದ ನೀರಿನ ಸಣ್ಣ ಬಾಟಲು ಅವರ ಅಂಗಿ ಜೇಬಿನಲ್ಲಿತ್ತು. ಬಾಗಿಲಲ್ಲಿ ನರ್ಸ್ ಅದನ್ನು ನೋಡಿ, “ಅದನ್ನ ಒಳಗೆ ತರೋ ಹಾಗಿಲ್ಲ ಸಾರ್, ಇನ್ಫೆಕ್ಷನ್ ಆಗುತ್ತೆ,” ಎಂದರು. ನನ್ನ ಗಂಡ ಅದನ್ನು ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟರು. ಕಾರ್ಖಾನೆಯಲ್ಲಿ ಕೆಂಪು ಗೆರೆ ದಾಟಬೇಡ ಎಂದರೆ ದಾಟದ, ಗಾಗಲ್ಸ್ ಹಾಕು ಎಂದರೆ ಹಾಕಿಕೊಳ್ಳುವ ಮನುಷ್ಯ ಅವರು. ಮೆಷಿನ್ ಶಾಪಿನಲ್ಲಿ ಬೆರಳು ಉಳಿಸಿಕೊಂಡವರೆಲ್ಲ ಹಾಗೆಯೇ.

ಮಧ್ಯಾಹ್ನ ಅವರು ನನ್ನ ಹಾಸಿಗೆಯ ಹತ್ತಿರ ಬಂದು ಕೂತರು. ಹೋದಳು ಎಂದು ಹೇಳಲಿಲ್ಲ. “ದೀಕ್ಷಾಸ್ನಾನ ಕೊಟ್ಟೆ ಕಣೇ,” ಎಂದರು. “ನೀರು ಬಿಡ್ಲಿಲ್ಲ. ಕೈ ತುಂಬ ಸ್ಯಾನಿಟೈಸರ್ ಹಾಕಿದ್ರು. ಅವಳನ್ನ ಇಟ್ಟಿದ್ದ ಗಾಜಿನ ಡಬ್ಬದಲ್ಲಿ ಕೈ ತೂರಿಸೋ ರಂಧ್ರ ಇರುತ್ತಲ್ಲ, ಅದ್ರೊಳಗೆ ಕೈ ಹಾಕಿ ಅದ್ರಲ್ಲೇ ಹಣೆ ಒದ್ದೆ ಮಾಡಿ, ಹೆಸರು ಹೇಳಿ ಕೊಟ್ಟೆ. ನೀರಿಗಿಂತ ಕ್ಲೀನು ಅದು.”

ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸದ್ಯ, ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಮಣ್ಣು ಮಾಡುವಾಗ ಫಾದರ್ ಕೇಳಿದರು, ದೀಕ್ಷಾಸ್ನಾನ ಆಗಿತ್ತೇ ಎಂದು. ಆಗಿದೆ ಫಾದರ್, ನಾನೇ ಕೊಟ್ಟೆ ಎಂದು ನನ್ನ ಗಂಡ ಹೇಳಿದರಂತೆ. ನಾನು ಅಲ್ಲಿಗೂ ಹೋಗಿರಲಿಲ್ಲ. ಆಮೇಲಿನ ಕೆಲವು ವಾರ ಅವರು ಅತ್ತಿದ್ದನ್ನು ನಾನು ನೋಡಲಿಲ್ಲ. ನೋಡಲು ಬಂದವರೆಲ್ಲರಿಗೂ, “ನಮ್ದು ನೇರವಾಗಿ ಸ್ವರ್ಗಕ್ಕೆ ಹೋಗಿದೆ, ಅದಕ್ಕೆ ಯಾವ ತಡೆಯೂ ಇಲ್ಲ,” ಎನ್ನುತ್ತಿದ್ದರು. ಕೆಲಸಕ್ಕೂ ಹೋದರು. ನಾನು ಹಗಲೆಲ್ಲ ಮಹಡಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

ಕೆಳಗಿನ ಮನೆಯ ಓನರಮ್ಮ ಇದೇ ಊರಿನ ಹಳೆಯ ಒಕ್ಕಲು ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಈ ಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾರೆ. ಒಂದು ದಿನ ನನ್ನ ಪಕ್ಕದಲ್ಲೇ ಬಂದು ಕೂತರು.

“ಯಾಕವ್ವಾ ಇಂಗ್ ಕುಂತ್ಬುಟ್ಟೆ? ಅಸುಗೂಸು ಕಣವ್ವ ಅದು. ಅದ್ಕೆ ಪಾಪ ಎಲ್ಲಿಂದ ಬತ್ತದೆ? ನಮ್ಮಲ್ಲೂ ಅಂಥವ್ನ ಸುಡಾಕಿಲ್ಲ, ಮಣ್ ಮಾಡ್ತೀವಿ. ಅವು ಎಂಗ್ ಬಂದ್ವೋ ಅಂಗೇ ಓಯ್ತವೆ.”

ನಾನು ಅವರ ಭುಜಕ್ಕೆ ಒರಗಿ ಅತ್ತೆ. ನಮ್ಮದೂ ಅಷ್ಟು ಸರಳವಾಗಿದ್ದರೆ ಎಂದು ಆಗ ಅನಿಸಲಿಲ್ಲ. ಆಗ ನಮ್ಮದೂ ಸರಳವಾಗಿಯೇ ಇತ್ತು.

ಬ್ರದರ್ ಆ ದಿನಗಳಲ್ಲಿ ಊರಿನಲ್ಲಿರಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ಕೊಳ್ಳೇಗಾಲದ ಕಡೆಗೆ ಹೋಗಿದ್ದರು. ತಿರುಗಿ ಬಂದ ಮೊದಲ ಭಾನುವಾರವೇ ಮನೆಗೆ ಬಂದರು. ನನ್ನ ಗಂಡನ ಕೈ ಹಿಡಿದು ಕೂತರು. ಕಾಫಿ ಕೊಟ್ಟೆ. ಎಲ್ಲರಿಗೂ ಹೇಳಿದಂತೆ ನನ್ನ ಗಂಡ ಅವರಿಗೂ ಹೇಳಿದರು. ಬಾಟಲು, ನರ್ಸ್, ರಂಧ್ರ, ಸ್ಯಾನಿಟೈಸರ್. ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಈ ಸಲವಾದರೂ ಗೆಳೆಯ ಶಹಬ್ಬಾಸ್ ಎನ್ನುತ್ತಾನೆ ಎಂದು ಕಾದ ಹಾಗೆ.

ಬ್ರದರ್ ಲೋಟ ಕೆಳಗಿಟ್ಟರು.

“ಏನಲ್ಲಿ ಕೊಟ್ಟೆ?”

“ಸ್ಯಾನಿಟೈಸರಲ್ಲಿ. ಯಾಕೆ?”

“ಏನಿಲ್ಲ ಬಿಡು.”

“ಏನಿಲ್ಲ ಅಂದ್ರೆ ಏನೋ ಇದೆ. ಹೇಳು.”

“ಬಿಡು ಮಗಾ. ದೇವ್ರಿಗೆ ಗೊತ್ತಿರುತ್ತೆ.”

“ನೀನು ಯಾವತ್ತೋ ದೇವ್ರಿಗೆ ಬಿಟ್ಟಿದ್ದು? ಹೇಳು ಅಂದ್ರೆ ಹೇಳು.”

ಬ್ರದರ್ ನನ್ನನ್ನು ನೋಡಿದರು. ಹೇಳಬೇಡಿ ಎಂದು ನಾನು ತಲೆ ಆಡಿಸಬಹುದಿತ್ತು. ಆದರೆ ಅವರು ಏನು ಹೇಳಲಿದ್ದಾರೆಂದು ನನಗೆ ಗೊತ್ತಿರಲಿಲ್ಲ.

“ನೀರೇ ಆಗ್ಬೇಕು ಕಣೋ,” ಎಂದರು.

“ಅದ್ರಲ್ಲೂ ನೀರಿದೆ.”

“ಇದೆ. ಆದ್ರೆ ಅದನ್ನ ಯಾರೂ ನೀರು ಅನ್ನಲ್ಲ.”

ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಮೈಕಿನಲ್ಲಿ ಕೂಗಿಕೊಂಡು ಹೋದ. ಆಮೇಲೆ ಬ್ರದರ್, ಯಾರಿಗೆ ಹೇಳುತ್ತಿದ್ದಾರೋ ತಿಳಿಯದಂತೆ, “ಅಂಥ ಕಡೆ ಒಳಗೇನೆ ಸ್ಟೆರೈಲ್ ವಾಟರ್ ಇಟ್ಟಿರ್ತಾರೆ. ಕೇಳಿದ್ರೆ ಒಂದು ಹನಿ ಕೊಡ್ತಿದ್ರೇನೋ,” ಎಂದರು.

ನೋಯಿಸಬೇಕೆಂದು ಹೇಳಿದ್ದಲ್ಲ. ಅಳತೆ ತಪ್ಪಿದ್ದನ್ನು ಕಂಡರೆ ಅವರ ಕೈ ತಾನಾಗಿ ಪಕ್ಕಕ್ಕೆ ಸರಿಸುತ್ತದೆ. ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ಎದ್ದು ನಿಂತರು. ನನ್ನ ಗಂಡ ಅವರನ್ನು ಬಾಗಿಲವರೆಗೂ ಕಳಿಸಲು ಹೋಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಮಗು ಹೋದ ದುಃಖ ಹಿಂದಕ್ಕೆ ಸರಿದು, ಅದು ನೀರಾಗಿತ್ತೇ ಎಂಬ ಒಂದೇ ಮಾತು ಉಳಿಯಿತು. ನನ್ನ ಗಂಡ ಸ್ಯಾನಿಟೈಸರ್ ಬಾಟಲು ತಂದರು. ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿದರು. ಅಂಗೈಗೆ ಹಾಕಿಕೊಂಡು ಓರೆ ಮಾಡಿ, “ನೋಡು, ಹರೀತಾ ಇದೆ,” ಎಂದರು. ನಾವು ನೋಡುತ್ತಿದ್ದ ಹಾಗೇ ಅದು ಆರಿಹೋಯಿತು. ಇನ್ನೊಂದು ದಿನ ಕೂಲೆಂಟಿನ ವಿಚಾರ ತೆಗೆದರು. ಮೆಷಿನ್ನಿನಲ್ಲಿ ಲೋಹ ಕೊರೆಯುವಾಗ ಬಿಸಿಯಾಗದಿರಲೆಂದು ಸುರಿಯುವ ಹಾಲಿನಂಥ ದ್ರವ ಅದು. ಸ್ವಲ್ಪ ಎಣ್ಣೆ, ಉಳಿದಿದ್ದೆಲ್ಲ ನೀರೇ. “ಅಷ್ಟು ನೀರಿದ್ರೂ ಅದನ್ನ ನಾವು ನೀರು ಅಂತೀವಾ? ಕೂಲೆಂಟ್ ಅಂತೀವಿ. ಇದ್ರಲ್ಲಿ ಅಷ್ಟೂ ನೀರಿಲ್ಲ,” ಎಂದು ತಮ್ಮ ವಾದವನ್ನು ತಾವೇ ಸೋಲಿಸಿಕೊಂಡರು. ಎಳನೀರಿನ ಮಾತು ಅವರಿಗೂ ನೆನಪಾಗಿರಬೇಕು, ನನಗೂ ನೆನಪಾಯಿತು.

ನನ್ನ ತಲೆಯಲ್ಲಿ ಬೇರೆಯದೇ ಇತ್ತು. ಒಂದು ಸಂಜೆ ಕೇಳಿಬಿಟ್ಟೆ.

“ರೀ, ಅದು ಅವಳಿಗೆ ಉರೀತಾ?”

“ಏನು?”

“ಸ್ಯಾನಿಟೈಸರು. ಗಾಯಕ್ಕೆ ತಾಗಿದ್ರೆ ನಮಗೇ ಉರಿಯುತ್ತೆ. ಅವಳ ಚರ್ಮ ಇನ್ನೂ ಬಲಿತೇ ಇರ್ಲಿಲ್ವಲ್ಲ.”

“ಹಣೆ ಸುಕ್ಕು ಮಾಡಿದ್ಳು,” ಎಂದರು. ಅಷ್ಟು ಹೇಳಿ ಎದ್ದು ಹೊರಗೆ ಹೋದರು. ಉರಿದಿರಬಹುದು. ತಣ್ಣಗೆ ತಾಗಿ ಬೆಚ್ಚಿದ್ದಿರಬಹುದು. ಅಪ್ಪ ಮುಟ್ಟಿದ್ದು ಅವಳಿಗೆ ಗೊತ್ತಾಯಿತು ಎಂಬುದಂತೂ ನಿಜ. ನನ್ನ ಮಗಳ ವಿಷಯದಲ್ಲಿ ಯಾವ ಶಾಸ್ತ್ರವೂ ಕಿತ್ತುಕೊಳ್ಳಲಾಗದ ಒಂದೇ ಒಂದು ಸಂಗತಿ ನನ್ನ ಹತ್ತಿರವಿದ್ದರೆ ಅದು ಇದು. ಆದರೆ ಅದರಿಂದ ಅವಳು ಈಗ ಎಲ್ಲಿದ್ದಾಳೆಂದು ತಿಳಿಯುವುದಿಲ್ಲ. ನನಗೆ ಬೇಕಾಗಿದ್ದುದು ಅದು. ನಾಳೆ ನಾನು ಸತ್ತರೆ ಅವಳ ಮುಖವನ್ನು ಸರಿಯಾಗಿ ನೋಡುತ್ತೇನೆಯೋ ಇಲ್ಲವೋ, ಅಷ್ಟೇ.

ಫಾದರ್ ಹತ್ತಿರ ಹೋದೆವು. ಹೊಸಬರು, ನನ್ನ ಗಂಡನಿಗಿಂತ ಚಿಕ್ಕವರು. ಬೇಸರ ಮಾಡಿಕೊಳ್ಳದೆ ಪೂರ್ತಿ ಕೇಳಿದರು. ದೇವರು ನಮಗೆ ಸಂಸ್ಕಾರಗಳನ್ನು ಕೊಟ್ಟಿದ್ದಾನೆ, ಆದರೆ ತಾನೇ ಅವುಗಳಿಗೆ ಕಟ್ಟುಬಿದ್ದಿಲ್ಲ ಎಂದರು. ದೀಕ್ಷಾಸ್ನಾನವಾಗದೆ ಸತ್ತ ಮಕ್ಕಳು ಕತ್ತಲೂ ಬೆಳಕೂ ಇಲ್ಲದ ಕಡೆ ಇರುತ್ತಾರೆಂದು ಹಿಂದೆ ಹೇಳುತ್ತಿದ್ದುದು ನಿಜ, ಅದು ಎಂದೂ ನಂಬಲೇಬೇಕಾದ ಕಟ್ಟಳೆಯಾಗಿರಲಿಲ್ಲ, ಈಗ ಅವರನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದರು.

“ಹಂಗೇ ಕರ್ಕೊಳ್ಳೋದಾದ್ರೆ ನೀರು ಯಾಕೆ ಫಾದರ್? ಗೊಂಬೆ ಇಟ್ಟು ಯಾಕೆ ಹೇಳಿಕೊಟ್ರಿ?” ಎಂದು ನನ್ನ ಗಂಡ ಕೇಳಿದರು.

“ನೀರಿಂದ ನಮಗೆ ಖಾತ್ರಿ ಇರುತ್ತಪ್ಪ. ಇದ್ರಲ್ಲಿ ಭರವಸೆ ಇದೆ.”

“ಭರವಸೆ ಅಂದ್ರೆ ಗೊತ್ತಿಲ್ಲ ಅಂತ ತಾನೇ?”

ಫಾದರ್ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ಅದಕ್ಕಿಂತ ಹೆಚ್ಚು ನನಗೂ ಯಾರೂ ಕೊಟ್ಟಿಲ್ಲ,” ಎಂದರು. ಒಳ್ಳೆಯ ಮನುಷ್ಯ. ಸುಳ್ಳು ಹೇಳಲು ಅವರಿಗೂ ಬರಲಿಲ್ಲ.

ಸತ್ತವರ ತಿಂಗಳು ಬಂತು. ನವೆಂಬರಿನಲ್ಲಿ ನಮ್ಮವರೆಲ್ಲ ತಮ್ಮ ತಮ್ಮ ಸತ್ತವರ ಹೆಸರು ಕೊಟ್ಟು ಪೂಜೆ ಹೇಳಿಸುತ್ತಾರೆ. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಏನು ಕೇಳಬೇಕೆಂದು ಗೊತ್ತಾಗಲಿಲ್ಲ. ದೀಕ್ಷಾಸ್ನಾನ ಆಗಿದ್ದರೆ ಅಷ್ಟು ಎಳೆಯ ಮಗುವಿಗೆ ಆತ್ಮಶಾಂತಿಯ ಪೂಜೆ ಬೇಕಿಲ್ಲ, ಅವಳೇ ನಮಗಾಗಿ ಬೇಡಿಕೊಳ್ಳುತ್ತಾಳೆ. ಆಗಿಲ್ಲದಿದ್ದರೆ ಯಾವ ಪ್ರಾರ್ಥನೆ ಹೇಳಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಹಿಂದಿದ್ದ ಹೆಂಗಸು, “ಬೇಗ ಹೇಳಮ್ಮ, ಬಸ್ಸಿಗೆ ಹೊತ್ತಾಯ್ತು,” ಎಂದರು. ನಾನು ನನ್ನ ಅಜ್ಜಿಯ ಹೆಸರು ಕೊಟ್ಟು ಬಂದೆ.

ಅದೇ ಸುಮಾರಿಗೆ ನಾಗಸಂದ್ರ ಮೆಟ್ರೋ ಮೆಟ್ಟಿಲಲ್ಲಿ ಬ್ರದರ್ ಸಿಕ್ಕಿದರು. ಟೀ ಅಂಗಡಿಗೆ ಅವರೂ ನನ್ನ ಗಂಡನೂ ಹೋಗುವುದನ್ನು ಬಿಟ್ಟಿದ್ದರು. ನನ್ನನ್ನು ಕಂಡು ಬದಿಗೆ ನಿಂತರು.

“ಹೇಗಿದ್ದಾನೆ ಅಕ್ಕ?”

“ಕೆಲಸಕ್ಕೆ ಹೋಗ್ತಾರೆ, ಬರ್ತಾರೆ.”

“ನಾನು ಬರ್ಲಾ ಒಂದ್ಸಲ?”

“ಬಂದು ಏನ್ ಹೇಳ್ತೀರಾ?” ಎಂದೆ. ಅಷ್ಟು ಗಡಸಾಗಿ ನಾನು ಯಾರೊಂದಿಗೂ ಮಾತಾಡಿದವಳಲ್ಲ. “ಅವತ್ತು ಒಂದು ಸುಳ್ಳು ಹೇಳಿದ್ರೆ ಆಗ್ತಿತ್ತಲ್ಲ ಬ್ರದರ್. ಪರವಾಗಿಲ್ಲ, ನಡೆಯುತ್ತೆ ಅಂತ.”

“ನಾನು ಹೇಳಿದ್ರೂ ಅವನು ನಂಬ್ತಿರ್ಲಿಲ್ಲ. ನನ್ನ ಮುಖ ನೋಡೇ ಕಂಡುಹಿಡೀತಿದ್ದ. ಬೇರೆ ಯಾರಾದ್ರೂ ಕೇಳಿದ್ರೆ ಮಗು ದೇವರ ಹತ್ರ ಇದೆ ಅಂತ ನಾನೇ ಹೇಳ್ತಿದ್ದೆ. ಅವನ ಹತ್ರ ಮಾತ್ರ ಹಂಗೆ ಮಾತಾಡಿ ಅಭ್ಯಾಸ ಇರ್ಲಿಲ್ಲ,” ಎಂದರು.

“ನೀವು ನಂಬ್ತೀರಾ, ಇದೆ ಅಂತ?”

“ಇರ್ಲಿ ಅಂತ ದಿನಾ ಕೇಳ್ಕೋತೀನಿ ಅಕ್ಕ.”

ಅದು ಉತ್ತರವಲ್ಲ. ನಾನು ಮೆಟ್ಟಿಲು ಹತ್ತಿ, ಕಾರ್ಡು ಒತ್ತಿ ಒಳಗೆ ಹೋದೆ.

ಅವರೆಕಾಯಿ ಕಾಲದಲ್ಲಿ ನನ್ನ ಹೊಲಿಗೆಯೆಲ್ಲ ಮಾಗಿದೆ, ಇನ್ನೊಂದು ಮಗುವಿಗೆ ಯೋಚಿಸಬಹುದು ಎಂದು ಡಾಕ್ಟರಮ್ಮ ಹೇಳಿದರು. ನನಗೆ ಆಸೆಯಾಗಲಿಲ್ಲ, ಆದರೆ ಬೇಡವೆಂದೂ ಅನಿಸಲಿಲ್ಲ. ಒಂದು ರಜೆಯ ದಿನ ಬೆಳಿಗ್ಗೆ ಇಬ್ಬರೂ ಕೂತು ಕಾಳು ಬಿಡಿಸುತ್ತಿರುವಾಗ ಹೇಳಿದೆ.

“ಬೇಡ,” ಎಂದರು.

“ಈಗ್ಲೇ ಅಂತ ಅಲ್ಲ.”

“ಯಾವಾಗ್ಲೂ ಬೇಡ. ಹುಟ್ಟದೇ ಇರೋ ಮಗೂಗೆ ಏನೂ ಆಗಲ್ಲ. ಅದಕ್ಕೆ ನೀರೂ ಬೇಡ, ನಾನೂ ಬೇಡ. ಹುಟ್ಟಿಸಿದ್ರೆ ಅದನ್ನ ದೇವ್ರ ಹತ್ರ ಮುಟ್ಟಿಸೋ ಜವಾಬ್ದಾರಿ ನಮ್ದು. ನನ್ ಕೈಲಿ ಆಗ್ಲಿಲ್ಲ.”

ಇದು ಟೀ ಅಂಗಡಿಯಲ್ಲಿ ಬಂದಿದ್ದರೆ ಬ್ರದರ್ ಇದಕ್ಕೆ ಏನಾದರೂ ಹೇಳುತ್ತಿದ್ದರು. ಇರುವುದು ಇಲ್ಲದಿರುವುದಕ್ಕಿಂತ ಒಳ್ಳೆಯದು ಎಂದು ಅವರು ಒಮ್ಮೆ ಅರ್ಧ ಗಂಟೆ ವಾದ ಮಾಡಿದ್ದು ನನಗೆ ನೆನಪಿತ್ತು. ಆದರೆ ಅವರ ಮಾತುಗಳು ನನಗೆ ಬರಲಿಲ್ಲ.

“ಹಂಗಾದ್ರೆ ಇವಳು ಹುಟ್ಟಿದ್ದೇ ತಪ್ಪಾ?” ಎಂದೆ.

ಅವರು ಕಾಳು ಬಿಡಿಸುತ್ತಲೇ ಇದ್ದರು.

“ಇದ್ಳಲ್ಲ ರೀ. ಇದ್ಳು.”

“ಎಲ್ಲಿದ್ದಾಳೆ ಹೇಳು,” ಎಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ನನ್ನನ್ನು ಕೇಳುತ್ತಿದ್ದರು. ನಾನು ಹೇಳಿದರೆ ನಂಬುತ್ತಿದ್ದರೇನೋ.

ಮಾರನೆಯ ದಿನ ಅವರು ಕೆಲಸಕ್ಕೆ ಹೋದ ಮೇಲೆ ನಾನು ಬೀರು ತೆಗೆದೆ. ಮಗುವಿಗೆಂದು ನನ್ನ ಅಮ್ಮ, ಅಪ್ಪನ ಹಳೆಯ ಪಂಚೆಗಳನ್ನು ಹರಿದು, ಒಗೆದು ಒಗೆದು ಮೆತ್ತಗೆ ಮಾಡಿ ಹೊಲಿದು ತಂದಿದ್ದ ಬಟ್ಟೆಗಳಿದ್ದವು. ಒಂದನ್ನೂ ಅವಳು ತೊಟ್ಟಿರಲಿಲ್ಲ. ಕೆಳಗಿನ ಮನೆಯ ಸೊಸೆಗೆ ಆಗ ಏಳು ತಿಂಗಳು. ಗಂಟು ಕಟ್ಟಿಕೊಂಡು ಇಳಿದು ಹೋಗಿ ಓನರಮ್ಮನ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ನನ್ನ ಕೈ ಹಿಡಿದುಕೊಂಡರು.

“ಬ್ಯಾಡ ಕಣವ್ವ. ತಪ್ ತಿಳ್ಕಾಬ್ಯಾಡ. ಬಸರಿ ಎಂಗ್ಸು ಇರೋ ಮನೆ.”

“ಇಲ್ಲ ಅಮ್ಮ, ತಿಳ್ಕೊಳ್ಳಲ್ಲ,” ಎಂದೆ. ತಪ್ಪು ತಿಳಿದುಕೊಳ್ಳಲೂ ಇಲ್ಲ. ಹೋದ ಮಗುವಿನ ಬಟ್ಟೆಯನ್ನು ಬರುವ ಮಗುವಿಗೆ ಯಾರು ತೊಡಿಸುತ್ತಾರೆ? ಅವರಿಗೂ ಅವರದೇ ಭಯ ಇರುತ್ತದೆ.

ಗಂಟನ್ನು ಮೇಲಕ್ಕೆ ತಂದು ಮಂಚದ ಮೇಲೆ ಹಾಕಿ ಅಡುಗೆಗೆ ಹೋದೆ. ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಅದನ್ನು ನೋಡಿದರು. ಬೀಳದ ಹಾಗೆ ಎರಡೂ ಕೈಯಿಂದ ಮೆಲ್ಲಗೆ ಗೋಡೆಯ ಕಡೆಗೆ ಸರಿಸಿ, ಉಳಿದ ಜಾಗದಲ್ಲಿ ಮಲಗಿದರು.